ಹತ್ತಿಯ ಹಣ

ಸವದತ್ತಿಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ ನನ್ನ ಅಣ್ಣನ ಮಗ ಮೊನ್ನೆ ಕೇಳಿದ: “ಕಾಕಾ, ತಿಂಗಳಾ ಒಂದಿಷ್ಟು ರೊಕ್ಕ ಉಳೀತದ. ಎಲ್ಲಿ ಇಡ್ಲಿ?” ಪ್ರಶ್ನೆ ಸಣ್ಣದು. ಉತ್ತರ ಹುಡುಕುತ್ತ ನನ್ನ ಮನಸ್ಸು ನೂರರವತ್ತು ವರುಷ ಹಿಂದಕ್ಕೆ ಹೋಯಿತು.

ಅಂದು ಬೈಲಹೊಂಗಲವು ಸಂಪಗಾಂವ ತಾಲೂಕಿಗೂ ಸವದತ್ತಿಯು ಪರಸಗಡ ತಾಲೂಕಿಗೂ ಸೇರಿದ್ದವು. ಈ ಎರೆಭೂಮಿಯ ಹತ್ತಿಗೆ 1861ರಲ್ಲಿ ಒಮ್ಮೆಲೇ ಭಾಗ್ಯದ ಬಾಗಿಲು ತೆರೆಯಿತು. ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಅಲ್ಲಿಯ ಅರಳೆ ಲ್ಯಾಂಕಾಶೈರಿನ ಗಿರಣಿಗಳಿಗೆ ದುರ್ಲಭವಾಯಿತು. ಮುಂಬಯಿಗೆ ಹಣ ಹೊಳೆಯಾಗಿ ಹರಿಯಿತು. ಅದರಲ್ಲಿ ಬಹುಪಾಲು ಹೊಸ ಹೊಸ ಕಂಪನಿಗಳ ಷೇರುಗಳ ಪಾಲಾಯಿತು. ಕಡಲನ್ನು ತುಂಬಿ ನೆಲ ಮಾಡುವೆವೆಂದ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು ಅದರ ಹತ್ತು ಪಟ್ಟಿನ ಆಸುಪಾಸಿಗೆ ಏರಿತು. ನೆಲವಾದರೋ ಇನ್ನೂ ನೀರಿನೊಳಗೇ ಇದ್ದಿತು! 1865ರ ಏಪ್ರಿಲಿನಲ್ಲಿ ಯುದ್ಧ ತಣ್ಣಗಾಯಿತು. ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ವಾಯಿದೆಯ ಲೆಕ್ಕ ತೀರಿಸಬೇಕಾದಾಗ ಕೊಡಬೇಕಾದವರ ಕೈ ಬರಿದಾಗಿತ್ತು. ಪೇಟೆಯ ದೊರೆಯೆನಿಸಿದ್ದ ಪ್ರೇಮಚಂದ ರಾಯಚಂದರೇ ದಿವಾಳಿಯಾದರು. ಷೇರುಗಳ ಒತ್ತೆಯ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯೂ ಉಳಿಯಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಚಿತ್ರವೂ ನಮ್ಮ ಸೀಮೆಯಲ್ಲೇ ಇದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ಒಂದೇ ಊರಿನ ಜನ. ಒಬ್ಬರ ಹೊಲ ಒಬ್ಬರಿಗೆ ಗೊತ್ತು. ಹಣ ಎಲ್ಲಿಗೆ ಹೋಯಿತು, ಹೇಗೆ ಮರಳೀತು ಎಂಬುದು ಕಣ್ಣೆದುರಿನ ಸಂಗತಿ.

ಹಾಗೆಂದು ಸಂಘವೆಂಬ ಹೆಸರೇ ಭದ್ರತೆಯಲ್ಲ. ನನ್ನ ತಂದೆ ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿ ಬಂದ ರಾತ್ರಿ ಹಣವನ್ನು ಪಾಲು ಮಾಡುತ್ತಿದ್ದರು. ಮೊದಲು ಸಾಲಕ್ಕೆ, ಆಮೇಲೆ ಬೀಜಕ್ಕೆ, ಆಮೇಲೆ ವರುಷದ ಕಾಳುಕಡಿಗೆ. ಮಿಕ್ಕದ್ದಷ್ಟೇ ಗಂಟು. ಅಂಥವರೂ ಒಮ್ಮೆ ಶೇಕಡಾ ಎರಡು ಹೆಚ್ಚಿನ ಬಡ್ಡಿಗೆ ಮನಸೋತು, ತಂಗಿಯ ಮದುವೆಗೆಂದು ಕೂಡಿಟ್ಟಿದ್ದನ್ನೆಲ್ಲ ಒಂದು ಸಂಘದಲ್ಲಿ ಇಟ್ಟರು. ಅದು ಬಾಗಿಲು ಹಾಕಿತು. ಹಳ್ಳದ ದಂಡೆಯ ಹೊಲ ಮಾರಿ ಮದುವೆ ಮಾಡಿದೆವು. ಆ ದಾರಿಯಲ್ಲಿ ಅವರು ಮತ್ತೆ ನಡೆಯಲಿಲ್ಲ. ಸುತ್ತು ಬಳಸಿ ಊರಿಗೆ ಬರುತ್ತಿದ್ದರು.

ಬ್ಯಾಂಕಿನ ಠೇವಣಿಗೆ 1962ರಿಂದ ವಿಮೆಯುಂಟು. 2020ರಿಂದ ಅದರ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿ. ಸಹಕಾರಿ ಬ್ಯಾಂಕುಗಳೂ ಅದರ ಆಸರೆಯಲ್ಲಿವೆ. ಪತ್ತಿನ ಸಂಘಗಳು ಇಲ್ಲ. ಬಾಗಿಲ ಮೇಲಿನ ಫಲಕದ ಒಂದು ಪದದಲ್ಲಿ ಇಷ್ಟು ಅಂತರವಿದೆ.

1824ರಲ್ಲಿ ಥ್ಯಾಕರೆಯು ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆಯೊತ್ತಿದಾಗ ಸಂಸ್ಥಾನದ ಸಂಪತ್ತು ಒಂದೇ ಬೀಗದ ಹಿಂದೆ ಸಿಕ್ಕಿತು. ರಾಮದುರ್ಗದ ನೇಕಾರನಾದರೋ ಸೀರೆಯ ಭಾರವನ್ನು ಒಂದೇ ಎಳೆಯ ಮೇಲೆ ಹಾಕುವವನಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಸಾಲ ತೀರಿಸು. ಆರು ತಿಂಗಳ ಅನ್ನವನ್ನು ಕೈಗೆಟಕುವಲ್ಲಿ ಇಡು. ಎಲ್ಲವನ್ನೂ ಒಂದೆಡೆ ಸುರಿಯಬೇಡ. ಹೆಚ್ಚು ಬಡ್ಡಿ ಎಂದವನನ್ನು ‘ಎಲ್ಲಿಂದ ತರುವಿರಿ?’ ಎಂದು ಕೇಳು. ಉತ್ತರ ನಿನಗೆ ತಿಳಿಯದಿದ್ದರೆ ಹಣ ನಿನ್ನಲ್ಲೇ ಇರಲಿ.

ಅವನು ಸುಮ್ಮನೆ ತಲೆಯಾಡಿಸಿದ. ಮರುದಿನ ಹಳ್ಳದ ದಂಡೆಯ ಆ ಹೊಲವನ್ನು ತೋರಿಸೆಂದು ಕೇಳಿದ. ಇಬ್ಬರೂ ನಡೆದುಕೊಂಡು ಹೋದೆವು.