ವಿಯೆಟ್ನಾಂ ಊಟದ ಜೀವಾಳ ‘ನುವೊಕ್ ಮಾಮ್’

ಮೀನು ಮತ್ತು ಉಪ್ಪು, ಇವೆರಡನ್ನೇ ಹುದುಗಿಸಿ ಪಡೆಯುವ ಕಂದುಬಣ್ಣದ ತಿಳಿರಸಕ್ಕೆ ವಿಯೆಟ್ನಾಂನಲ್ಲಿ ‘ನುವೊಕ್ ಮಾಮ್’ ಎಂದು ಹೆಸರು. ‘ನುವೊಕ್’ ಎಂದರೆ ನೀರು. ‘ಮಾಮ್’ ಎಂದರೆ ಉಪ್ಪಿನಲ್ಲಿ ಹುದುಗಿಸಿದ ಮೀನು. ಆ ದೇಶದ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಮಟ್ಟಿಗೆ ಈ ರಸವೇ ನಿರ್ವಹಿಸುತ್ತದೆ.

ತಯಾರಿಕೆ

ಥಾಯ್ಲೆಂಡ್ ಕೊಲ್ಲಿಯ ಫು ಕ್ವಾಕ್ ದ್ವೀಪ ಹಾಗೂ ಆಗ್ನೇಯ ಕರಾವಳಿಯ ಫಾನ್ ತಿಯೆತ್ ಇದರ ಪ್ರಸಿದ್ಧ ನೆಲೆಗಳು. ಫು ಕ್ವಾಕ್‌ನಲ್ಲಿ ಆಂಚೊವಿ ಜಾತಿಯ ಪುಟ್ಟ ಮೀನುಗಳಿಗೆ ದೋಣಿಯಲ್ಲೇ ಉಪ್ಪು ಬೆರೆಸುತ್ತಾರೆ. ಸಾಮಾನ್ಯವಾಗಿ ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು. ಬಳಿಕ ಅದನ್ನು ಮರದ ಬೃಹತ್ ಪೀಪಾಯಿಗಳಲ್ಲಿ ತುಂಬಿ, ಮೇಲೆ ಭಾರವಿಟ್ಟು ಸುಮಾರು 12 ತಿಂಗಳು ಬಿಡಲಾಗುತ್ತದೆ. ಮೀನಿನ ಕಿಣ್ವಗಳು ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ. ಉಪ್ಪು ಕೊಳೆಯದಂತೆ ಕಾಯುತ್ತದೆ. ಪೀಪಾಯಿಯ ಬುಡದಿಂದ ಇಳಿಯುವ ಮೊದಲ ರಸವೇ ಶ್ರೇಷ್ಠ. ಸೀಸೆಯ ಮೇಲೆ ಕಾಣುವ 30 ಅಥವಾ 40 ‘ಡಿಗ್ರಿ’ ಉಷ್ಣತೆಯ ಅಳತೆಯಲ್ಲ. ಪ್ರತಿ ಲೀಟರಿನಲ್ಲಿ ಅಷ್ಟು ಗ್ರಾಂ ಸಾರಜನಕವಿದೆ ಎಂಬುದು ಅದರ ಅರ್ಥ.

ಬಳಕೆ

ಒಲೆಯ ಮೇಲಿನ ಸಾರು, ಮಾಂಸ, ತರಕಾರಿಗಳಿಗೆ ಇದನ್ನು ನೇರವಾಗಿ ಹಾಕುತ್ತಾರೆ. ನಿಂಬೆರಸ, ಸಕ್ಕರೆ, ಬೆಳ್ಳುಳ್ಳಿ, ಮೆಣಸಿನಕಾಯಿ ಮತ್ತು ನೀರು ಸೇರಿಸಿದರೆ ‘ನುವೊಕ್ ಚಾಮ್’ ಎಂಬ ನಂಜಿಕೊಳ್ಳುವ ರಸ ಸಿದ್ಧ. ಅಕ್ಕಿಹಿಟ್ಟು, ಅರಿಶಿನ ಬೆರೆಸಿ ದೋಸೆಯಂತೆ ಹುಯ್ಯುವ ‘ಬಾನ್ ಸೆಯೊ’ ಇದಿಲ್ಲದೆ ರುಚಿಸದು.

ಹೆಸರಿನ ವಿವಾದ

ಫು ಕ್ವಾಕ್ ರಸಕ್ಕೆ 2001ರಲ್ಲಿ ಸ್ವದೇಶದಲ್ಲಿ, 2012ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ಮೂಲಸ್ಥಾನದ ಹೆಸರಿನ ರಕ್ಷಣೆ ದೊರೆಯಿತು. ಆದರೆ ‘ನುವೊಕ್ ಮಾಮ್’ ಎಂಬ ಸಾಮಾನ್ಯ ಹೆಸರಿಗೆ ಅಂಥ ಬೇಲಿಯಿಲ್ಲ. ಮೂಲರಸವನ್ನು ತೆಳುವಾಗಿಸಿ ಸಿಹಿಕಾರಕ, ಬಣ್ಣ, ಪರಿಮಳ ಬೆರೆಸಿದ ಅಗ್ಗದ ಕಾರ್ಖಾನೆ ಸರಕೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ.

2016ರ ಅಕ್ಟೋಬರಿನಲ್ಲಿ ಬಳಕೆದಾರರ ಸಂಘವೊಂದು, ಪರೀಕ್ಷಿಸಿದ ಬಹುಪಾಲು ಮಾದರಿಗಳಲ್ಲಿ ಆರ್ಸೆನಿಕ್ ಮಿತಿಮೀರಿದೆ ಎಂದು ಪ್ರಕಟಿಸಿತು. ಸಾರಜನಕ ಹೆಚ್ಚಿದ್ದ ಸಾಂಪ್ರದಾಯಿಕ ರಸವೇ ಇದರಿಂದ ಹೆಚ್ಚು ಸಂಶಯಕ್ಕೆ ಗುರಿಯಾಯಿತು. ಅದು ಸಮುದ್ರಾಹಾರದಲ್ಲಿ ಸಹಜವಾಗಿರುವ, ವಿಷಕಾರಿಯಲ್ಲದ ಸಾವಯವ ರೂಪವೆಂದು ನಂತರ ಸ್ಪಷ್ಟವಾಯಿತು. ಸುದ್ದಿ ಹಬ್ಬಿಸಿದ ಹಲವು ಪತ್ರಿಕೆಗಳಿಗೆ ದಂಡ ಬಿತ್ತು. 2019ರಲ್ಲಿ ಸರ್ಕಾರ ರೂಪಿಸಿದ ಕರಡು ಮಾನದಂಡವು ಎರಡೂ ಬಗೆಯ ರಸಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ ಎಂದು ಸಾಂಪ್ರದಾಯಿಕ ತಯಾರಕರು ಪ್ರತಿಭಟಿಸಿದ ಮೇಲೆ ಅದನ್ನು ತಡೆಹಿಡಿಯಲಾಯಿತು.

ವರ್ಷವಿಡೀ ಕಾದು ಇಳಿಸಿದ ರಸಕ್ಕೂ ಬೆರಕೆ ರಸಕ್ಕೂ ಇರುವ ವ್ಯತ್ಯಾಸ ಹೆಸರಿನಲ್ಲಿ ಕಾಣದು. ಅದನ್ನರಿಯಲು ಗ್ರಾಹಕರು ಸೀಸೆಯ ಮೇಲಿನ ಡಿಗ್ರಿಯನ್ನೂ ಪದಾರ್ಥಗಳ ಪಟ್ಟಿಯನ್ನೂ ಓದಬೇಕು.