ಸಂಕಲನದ ಕತ್ತರಿಯೂ ವಿದುರಾಶ್ವತ್ಥದ ಚರಿತ್ರೆಯೂ



ವಿಡಿಯೊ ಸಂಕಲನ ಕಲಿಯುವವರಿಗೆಂದು ರೂಪಿಸಿದ ಯಾವುದೇ ಸರಳ ತಂತ್ರಾಂಶವನ್ನು ತೆರೆದು ನೋಡಿ. ಎಲ್ಲಿಯೋ ಒಂದು ಮೂಲೆಯಲ್ಲಿ ಪುಟ್ಟ ಕತ್ತರಿಯ ಚಿತ್ರವಿರುತ್ತದೆ. ಅದೇಕೆ ಕತ್ತರಿ ಎಂದು ಒಂಬತ್ತನೆಯ ತರಗತಿಯ ಹುಡುಗನನ್ನು ಕೇಳಿದರೆ "ಕಟ್ ಮಾಡೋದಕ್ಕೆ ಸಾರ್" ಎನ್ನುತ್ತಾನೆ. ಅವನ ಉತ್ತರ ಸರಿಯೇ. ಆದರೆ ಒಂದು ಕಾಲದಲ್ಲಿ ಅದು ನಿಜವಾದ ಕತ್ತರಿಯೇ ಆಗಿತ್ತೆಂಬುದು ಅವನಿಗೆ ತಿಳಿಯದು. ಪಕ್ಕದಲ್ಲಿರುವ ರೀಲಿನ ಚಿತ್ರ, ಟ್ರಿಮ್, ಸ್ಪ್ಲಿಟ್, ಡಿಸಾಲ್ವ್ ಮುಂತಾದ ಹೆಸರುಗಳು ಎಲ್ಲವೂ ಕೈಕೆಲಸದ ಕಾಲದ ಪಳೆಯುಳಿಕೆಗಳು.

1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಚಲನಚಿತ್ರ ತೋರಿಸಿದಾಗ ಸಂಕಲನವೆಂಬ ಕಲೆಯೇ ಇರಲಿಲ್ಲ. ಒಂದೊಂದು ಚಿತ್ರವೂ ಸುಮಾರು ಐವತ್ತು ಸೆಕೆಂಡುಗಳ ಒಂದೇ ದೃಶ್ಯ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತೀಯ ನೆಲದಲ್ಲಿ ಪ್ರದರ್ಶನವಾದದ್ದೂ ಅಂಥವೇ. ತುಣುಕುಗಳನ್ನು ಒಂದರ ಮುಂದೊಂದು ಜೋಡಿಸಿ ಕಥೆ ಹೇಳಬಹುದೆಂಬುದನ್ನು ಜನ ನಿಧಾನವಾಗಿ ಕಂಡುಕೊಂಡರು. 1903ರಲ್ಲಿ ಅಮೆರಿಕದ ಎಡ್ವಿನ್ ಪೋರ್ಟರ್ ತೆಗೆದ ರೈಲು ದರೋಡೆಯ ಚಿತ್ರ ಆ ದಾರಿಯ ಪ್ರಸಿದ್ಧ ಮೈಲಿಗಲ್ಲು.

ಮಾತಿನ ಚಿತ್ರಗಳು ಬಂದ ಮೇಲಿನ ಲೆಕ್ಕ ಹೀಗಿತ್ತು. 35 ಮಿಲಿಮೀಟರ್ ಫಿಲಂನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಅಂದರೆ ಒಂದು ನಿಮಿಷಕ್ಕೆ 90 ಅಡಿ. ಸಂಕಲನಕಾರ ಫಿಲಂ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಚೌಕಟ್ಟುಗಳ ನಡುವಿನ ಗೆರೆಯ ಮೇಲೆ ಕತ್ತರಿಸಿ, ತುದಿಯ ಲೇಪವನ್ನು ಕೆರೆದು, ಅಂಟು ಸವರಿ, ಇನ್ನೊಂದು ತುದಿಯನ್ನು ಒತ್ತಿ ಹಿಡಿಯುತ್ತಿದ್ದ. 1924ರಲ್ಲಿ ಬಂದ ಮೂವಿಯೋಲ ಎಂಬ ಯಂತ್ರದಿಂದ ಫಿಲಂ ಓಡಿಸಿಕೊಂಡೇ ಕತ್ತರಿಸುವ ಜಾಗ ಗುರುತಿಸುವುದು ಸಾಧ್ಯವಾಯಿತು.

ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಕಡೆ ಟೆಂಟಿನಲ್ಲಿ ಸಿನಿಮಾ ನೋಡಿದ ನನ್ನ ವಯಸ್ಸಿನವರೆಲ್ಲ ಈ ಅಂಟಿನ ಕೆಲಸವನ್ನು ಅರಿಯದೆಯೇ ಅನುಭವಿಸಿದವರು. ರಾಜಕುಮಾರ್ ಕತ್ತಿ ಎತ್ತಿದೊಡನೆ ಫಿಲಂ ಹರಿಯುತ್ತಿತ್ತು. ಪರದೆ ಬೆಳ್ಳಗಾಗಿ ಶಿಳ್ಳೆಗಳು ಮೊಳಗುತ್ತಿದ್ದವು. ಆಪರೇಟರು ಹರಿದ ಅಂಚನ್ನು ನೇರ್ಪುಗೊಳಿಸಿ ಅಂಟಿಸುವಷ್ಟರಲ್ಲಿ ಕೆಲವು ಚೌಕಟ್ಟುಗಳು ಅವನ ಕಾಲ ಬಳಿಗೆ ಬಿದ್ದಿರುತ್ತಿದ್ದವು. ಮತ್ತೆ ಚಿತ್ರ ಶುರುವಾದಾಗ ಎದುರಾಳಿ ಆಗಲೇ ನೆಲದ ಮೇಲೆ! ಊರಿಂದೂರಿಗೆ ತಿರುಗಿದಂತೆಲ್ಲ ಆ ಪ್ರತಿ ಕುಗ್ಗುತ್ತಿತ್ತು. ಬಿದ್ದ ತುಂಡುಗಳನ್ನು ಆಯ್ದು, ಭೂತಗನ್ನಡಿಯಿಟ್ಟು, ಗೋಡೆಯ ಮೇಲೆ ಬಿಂಬ ಬೀಳಿಸಿ ಆಡುವುದು ನಮ್ಮ ಬಾಲ್ಯದ ದೊಡ್ಡ ಸಂಭ್ರಮವಾಗಿತ್ತು.

ಶಿಡ್ಲಘಟ್ಟದ ಮಿತ್ರರಿಗೆ ಇದನ್ನು ಬೇರೆ ರೀತಿಯಲ್ಲಿ ವಿವರಿಸಬಹುದು. ಬಿಸಿನೀರಿನ ಬಾನಿಯಲ್ಲಿ ಗೂಡುಗಳನ್ನು ಹಾಕಿ, ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿ ನೂಲು ತೆಗೆಯುವಾಗ, ಒಂದು ಗೂಡು ಮುಗಿಯುವ ಹೊತ್ತಿಗೆ ಮತ್ತೊಂದರ ಎಳೆಯನ್ನು ಸೇರಿಸುತ್ತಾರಲ್ಲವೇ? ಸೇರಿಸಿದ ಜಾಗ ಕಣ್ಣಿಗೆ ಕಾಣದಿದ್ದರೆ ನೂಲಿಗೆ ಬೆಲೆ. ಸಿನಿಮಾ ಸಂಕಲನದ ಹೆಗ್ಗಳಿಕೆಯೂ ಅದೇ. ನೋಡುವವನಿಗೆ ಬೆಸುಗೆ ಕಾಣಬಾರದು. ಹೀಗಾಗಿ ಸಂಕಲನಕಾರರ ಹೆಸರನ್ನು ನಾವು ನೆನಪಿಡುವುದೇ ಇಲ್ಲ. 1970ರ 'ಸಂಸ್ಕಾರ' ಚಿತ್ರವನ್ನು ಪಟ್ಟಾಭಿರಾಮ ರೆಡ್ಡಿಯವರ ಹೆಸರಿನೊಂದಿಗೆ ಸ್ಮರಿಸುತ್ತೇವೆ. ಅದನ್ನು ಸಂಕಲಿಸಿದವರು ಸ್ಟೀವನ್ ಕಾರ್ಟಾ ಎಂಬ ವಿದೇಶೀಯರೆಂಬುದು ಎಷ್ಟು ಮಂದಿಗೆ ಗೊತ್ತು? 1995ರ 'ಬಾಂಬೆ' ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಸುರೇಶ್ ಅರಸ್ ನಮ್ಮ ಕನ್ನಡಿಗರೆಂದರೆ ಹಲವರು ಅಚ್ಚರಿಪಡುತ್ತಾರೆ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಮಾತಂತೂ ಬೇರೆಯೇ. ಅದರ ಬೆಸುಗೆಗಳ ಮಾತಿರಲಿ, ಚಿತ್ರದ ಪ್ರತಿಯೇ ಇಂದು ಲಭ್ಯವಿಲ್ಲ.

1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ವಿಡಿಯೊ ಟೇಪಿನ ಯಂತ್ರವನ್ನು ಹೊರತಂದಿತು. ಟೇಪಿನ ಮೇಲೆ ಚಿತ್ರ ಕಣ್ಣಿಗೆ ಕಾಣದು. ಆದರೂ ಮೊದಮೊದಲು ಅದನ್ನು ಬ್ಲೇಡಿನಿಂದಲೇ ಕತ್ತರಿಸಿ ಅಂಟಿಸುತ್ತಿದ್ದರು. ಆಮೇಲೆ ಒಂದು ಯಂತ್ರದಲ್ಲಿ ಮೂಲ ಕ್ಯಾಸೆಟ್ಟು ಓಡಿಸುತ್ತ, ಬೇಕಾದಷ್ಟನ್ನು ಮಾತ್ರ ಇನ್ನೊಂದು ಯಂತ್ರದ ಕ್ಯಾಸೆಟ್ಟಿಗೆ ನಕಲು ಮಾಡುವ ಕ್ರಮ ಬಂತು. ನಮ್ಮ ಊರುಗಳಲ್ಲಿ ಅದಕ್ಕೆ 'ಮಿಕ್ಸಿಂಗ್' ಎಂಬ ಹೆಸರು. "ಮದುವೆ ಕ್ಯಾಸೆಟ್ಟು ಇನ್ನೂ ಮಿಕ್ಸಿಂಗಿಗೆ ಹೋಗಿದೆ" ಎಂಬ ಮಾತು ಬಂಧುಗಳಿಗೆಲ್ಲ ನೆನಪಿರಬಹುದು. ತಿಂಗಳುಗಟ್ಟಲೆ ಕಾದ ಮೇಲೆ ಬರುತ್ತಿದ್ದುದು ಹೃದಯಾಕಾರದ ಚೌಕಟ್ಟಿನಲ್ಲಿ ವಧೂವರರು, ಗುಲಾಬಿಯೊಳಗಿಂದ ಅರಳುವ ಮುಖಗಳು, ಹಿನ್ನೆಲೆಯಲ್ಲಿ ಸಿನಿಮಾ ಹಾಡು! ಊಟದ ಪಂಕ್ತಿ, ಅಡುಗೆ ಮನೆಯ ಗದ್ದಲ, ಚಪ್ಪರದ ಕಂಬಕ್ಕೆ ಒರಗಿ ಕುಳಿತ ವೃದ್ಧರು, ಇವೆಲ್ಲ 'ವೇಸ್ಟ್' ಎಂದು ಹೋಗಿರುತ್ತಿದ್ದವು. ಮೂಲ ಟೇಪಿನ ಮೇಲೆ ಮುಂದಿನ ಮುಹೂರ್ತದ ಮದುವೆ ಅಚ್ಚಾಗಿರುತ್ತಿತ್ತು. ನಮ್ಮ ಮನೆತನದ ಎಷ್ಟೋ ಹಿರಿಯರ ನಡಿಗೆ, ದನಿ ಹೀಗೆ ಅಳಿಸಿಹೋಯಿತು. ಹೋದದ್ದಕ್ಕೆ ಬದಲಾಗಿ ಬಂದದ್ದು ಗುಲಾಬಿಗಳು.

ಈ ದೃಷ್ಟಿಯಿಂದ ಗಣಕಯಂತ್ರ ತಂದ ಬದಲಾವಣೆ ಸಣ್ಣದಲ್ಲ. 1989ರಲ್ಲಿ ಏವಿಡ್, 1991ರಲ್ಲಿ ಪ್ರೀಮಿಯರ್ ಬಂದವು, ಅವು ವೃತ್ತಿನಿರತರಿಗಾಗಿ. 1999ರಲ್ಲಿ ಆಪಲ್ ಸಂಸ್ಥೆಯ ಐಮೂವಿ, 2000ದಲ್ಲಿ ಮೈಕ್ರೋಸಾಫ್ಟಿನ ಮೂವಿ ಮೇಕರ್ ಬಂದಾಗ ಮನೆಮಂದಿಯೂ ಸಂಕಲನಕಾರರಾದರು. ಮೂವಿ ಮೇಕರ್‌ಗೆ ಬೆಂಬಲ 2017ರಲ್ಲಿ ನಿಂತುಹೋಯಿತು. ಈಗ ಕ್ಲಿಪ್‌ಚಾಂಪ್, ಕೈನ್‌ಮಾಸ್ಟರ್, ಓಪನ್‌ಶಾಟ್ ಮೊದಲಾದವು ಆ ಕೆಲಸ ಮಾಡುತ್ತಿವೆ. ಇವುಗಳಲ್ಲಿ ಕತ್ತರಿಯನ್ನು ಒತ್ತಿದಾಗ ಮೂಲ ಕಡತ ಕತ್ತರಿಯಾಗುವುದಿಲ್ಲ. ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ, ಯಾವುದರ ನಂತರ ಯಾವುದು ಎಂಬ ಪಟ್ಟಿಯನ್ನಷ್ಟೇ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಕೊನೆಯಲ್ಲಿ 'ಎಕ್ಸ್‌ಪೋರ್ಟ್' ಎಂದಾಗ ಆ ಪಟ್ಟಿಯಂತೆ ಹೊಸ ವಿಡಿಯೊ ಸಿದ್ಧವಾಗುತ್ತದೆ. ಮೂಲ ಹಾಗೆಯೇ ಉಳಿಯುತ್ತದೆ, ನಾವೇ ಅಳಿಸದಿದ್ದರೆ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಎಲ್ಲರೂ ಅಳಿಸುತ್ತಾರೆ ಎಂಬುದು ಬೇರೆ ಮಾತು.

ಇನ್ನು ನನ್ನನ್ನು ಈ ಲೇಖನಕ್ಕೆ ಹಚ್ಚಿದ ಸಂಗತಿ. ಗೌರಿಬಿದನೂರು ಕಡೆಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು, ಮಕ್ಕಳು ವಿದುರಾಶ್ವತ್ಥದ ಬಗ್ಗೆ ತಯಾರಿಸಿದ ವಿಡಿಯೊವನ್ನು ಅಭಿಪ್ರಾಯ ಕೇಳಿ ಕಳುಹಿಸಿದ್ದರು. ಸ್ತೂಪ, ನಾಗರಕಲ್ಲುಗಳು, ಪಿನಾಕಿನಿಯ ಮರಳು ಎಲ್ಲವನ್ನೂ ಮಕ್ಕಳು ಚೆನ್ನಾಗಿ ಚಿತ್ರಿಸಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಸೈನಿಕರು ಮೊಣಕಾಲೂರಿ ಗುಂಡು ಹಾರಿಸುವ ದೃಶ್ಯ, ಬಾವಿಗೆ ಹಾರುವ ಜನ! ಅದು 1982ರ 'ಗಾಂಧಿ' ಚಿತ್ರಕ್ಕಾಗಿ ಅಟೆನ್‌ಬರೊ ಮರುಸೃಷ್ಟಿಸಿದ ಜಲಿಯನ್‌ವಾಲಾ ಬಾಗ್. ಮಕ್ಕಳು ಅದನ್ನು 1919ರಲ್ಲೇ ತೆಗೆದ ನಿಜವಾದ ಚಿತ್ರವೆಂದು ನಂಬಿದ್ದರು. ಅವರನ್ನು ದೂರುವಂತಿಲ್ಲ. ವಿದುರಾಶ್ವತ್ಥವನ್ನು 'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಎಂದು ಅವರಿಗೆ ಹೇಳಿಕೊಟ್ಟವರು ನಾವೇ ತಾನೆ?

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಕುಲೆಶೋವ್ ಎಂಬಾತ ಒಂದು ಪ್ರಯೋಗ ಮಾಡಿದ. ನಟನೊಬ್ಬನ ಒಂದೇ ಮುಖಭಾವದ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಒಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿ ತೋರಿಸಿದ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಎರಡು ತುಣುಕುಗಳು ಸೇರಿದಾಗ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ. ಸ್ತೂಪದ ಪಕ್ಕಕ್ಕೆ 'ಗಾಂಧಿ' ಚಿತ್ರವನ್ನಿಟ್ಟಾಗ ಹುಟ್ಟಿದ ಮೂರನೆಯ ಅರ್ಥ, ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಸೈನ್ಯ ನಮ್ಮವರನ್ನು ಕೊಂದಿತು ಎಂಬುದು. ಆದರೆ ನಡೆದದ್ದು ಅದಲ್ಲ.

ಅದು ಮೈಸೂರು ಸಂಸ್ಥಾನ. ಮಹಾರಾಜರ ಆಡಳಿತ, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1938ರ ಏಪ್ರಿಲ್‌ನಲ್ಲಿ ಮಂಡ್ಯ ಸೀಮೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಬೆನ್ನಿಗೇ, ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಿಷೇಧವನ್ನು ಮೀರಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿಸಿದವರು ಸಂಸ್ಥಾನದ ಪೊಲೀಸರು. ಸತ್ತವರ ಸಂಖ್ಯೆಯನ್ನು ಕೆಲವರು ಹತ್ತರ ಆಸುಪಾಸು ಎಂದೂ ಕೆಲವರು ಮೂವತ್ತಕ್ಕೂ ಹೆಚ್ಚೆಂದೂ ಬರೆದಿದ್ದಾರೆ. ಸರದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಅದೇ ಮಿರ್ಜಾ–ಪಟೇಲ್ ಒಪ್ಪಂದ. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಿದ ಈ ಕಹಿಯನ್ನು ಎರವಲು ತಂದ ಒಂದು ತುಣುಕು ಸಲೀಸಾಗಿ ಅಳಿಸಿಬಿಡುತ್ತದೆ.

"ಅದಿಲ್ಲದಿದ್ದರೆ ಯಾರು ನೋಡ್ತಾರೆ ಸಾರ್? ಮಕ್ಕಳು ಬೇಜಾರು ಮಾಡ್ಕೋತಾರೆ" ಎಂದರು ಆಕೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಗುಂಡಿನ ಸದ್ದಿಲ್ಲದ ಗೋಲಿಬಾರಿನ ಚಿತ್ರವನ್ನು ಮಕ್ಕಳು ನೋಡುವುದು ಕಷ್ಟವೇ. ಆದರೂ ಶಿಡ್ಲಘಟ್ಟದ ನೂಲಿಗೆ ಸಲ್ಲುವ ನಿಯಮ ಚರಿತ್ರೆಗೆ ಸಲ್ಲದು. ಇಲ್ಲಿ ಬೆಸುಗೆ ಕಾಣಿಸಲೇಬೇಕು ಎಂದೆ. ಆಕೆ ಎರಡು ದಿನ ಯೋಚಿಸಿ, ಮಕ್ಕಳೊಂದಿಗೆ ಕುಳಿತು ಆ ಭಾಗವನ್ನು ತೆಗೆಸಿದರು. ಅದರ ಜಾಗದಲ್ಲಿ ಹನ್ನೆರಡು ಸೆಕೆಂಡು ಕಪ್ಪು ಪರದೆ. ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ, "ಅಂದಿನ ಗೋಲಿಬಾರಿನ ಚಲನಚಿತ್ರ ನಮಗೆ ದೊರೆತಿಲ್ಲ" ಎಂಬ ಸಾಲು. ಕೆಳಗೆ ಸತ್ತವರ ಎರಡೂ ಲೆಕ್ಕಗಳು. ಆ ಸಾಲು ಓದುವ ದನಿ ಏಳನೆಯ ತರಗತಿಯ ಹುಡುಗಿಯದು. ಡಿಸಾಲ್ವ್, ಗುಲಾಬಿ ಯಾವುದೂ ಇಲ್ಲ.

ಈಗ ಅವರಿಗೊಂದು ಕೊರತೆ ಉಳಿದಿದೆ. ವಿದುರಾಶ್ವತ್ಥದ ಆ ಮಹಾ ಅಶ್ವತ್ಥ ವೃಕ್ಷ 2001ರಲ್ಲಿ ಉರುಳಿತು. ಈಗಿನ ಮಕ್ಕಳು ಅದನ್ನು ಕಂಡವರಲ್ಲ. ನಿಮ್ಮಲ್ಲಿ ಎಷ್ಟೋ ಜನ ನಾಗಪ್ರತಿಷ್ಠೆಗೆಂದು, ಜಾತ್ರೆಗೆಂದು ಅಲ್ಲಿಗೆ ಹೋಗಿ ಮರದಡಿಯಲ್ಲಿ ಫೋಟೊ ತೆಗೆಸಿಕೊಂಡವರಿದ್ದೀರಿ. ಕೆಲವರ ಬೀರುವಿನಲ್ಲಿ ಹಳೆಯ ಕ್ಯಾಸೆಟ್ಟುಗಳೂ ಇರಬಹುದು. ಅವಕ್ಕೆ ಬೂಷ್ಟು ಹಿಡಿಯುವ ಮೊದಲೇ ಡಿಜಿಟಲ್ ಪ್ರತಿ ಮಾಡಿಸಿ ನನಗೆ ತಲುಪಿಸಿದರೆ ಆ ಶಾಲೆಗೆ ಕಳುಹಿಸಿಕೊಡುತ್ತೇನೆ. ಯಾವ ವರ್ಷ, ಚಿತ್ರದಲ್ಲಿರುವವರು ಯಾರು ಎಂದು ಒಂದು ಚೀಟಿ ಜೊತೆಗಿರಲಿ. ದಯವಿಟ್ಟು ಏನನ್ನೂ ಕತ್ತರಿಸದೆ ಇದ್ದಂತೆಯೇ ಕಳುಹಿಸಿ. ಅಂಚಿನಲ್ಲಿ ನಿಂತು ಅರ್ಧ ಮಾತ್ರ ಕಾಣಿಸುವವರೂ ಇರಲಿ.