ಅಂತರ್ಜಾಲದ್ಯೂತ: ಬಾಲಕ–ಕಿಶೋರರ ರಕ್ಷಣೆ

ಮೊಬೈಲ್ ಫೋನಿನಲ್ಲಿ ಹಣವನ್ನು ಪಣವಾಗಿಟ್ಟು ಆಡುವ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಮೊದಲಾದವುಗಳಿಂದ ಅಪ್ರಾಪ್ತವಯಸ್ಕರನ್ನು ದೂರವಿರಿಸುವ ಶಾಸನ, ಚಿಕಿತ್ಸೆ ಹಾಗೂ ಮನೆಯವರ ಎಚ್ಚರಿಕೆಗಳ ಒಟ್ಟು ವ್ಯವಸ್ಥೆ. ನೇತ್ರಾವತಿ ಕಣಿವೆಯ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿಗಳ ಸೀಮೆಗೆ ಜೂಜು ಅಪರಿಚಿತವೇನಲ್ಲ; ಆದರೆ ಕೋಳಿ ಅಂಕದ ಗದ್ದೆಗೆ ನುಸುಳಿದ ಹುಡುಗನನ್ನು ಕಂಡು ಗದರಿಸಿ ಮನೆಗೆ ಅಟ್ಟಲು ಊರ ಹಿರಿಯರೊಬ್ಬರಾದರೂ ಅಲ್ಲಿರುತ್ತಿದ್ದರು, ಹೊದಿಕೆಯೊಳಗೆ ಬೆಳಗುವ ಪರದೆಗೆ ಅಂಥ ಸಾಕ್ಷಿಯಿಲ್ಲ. ತಾಯಿಯ ಫೋನಿಗೆ ಬಂದ ಒಟಿಪಿಯನ್ನು ನೋಡಿಕೊಂಡು, ಬ್ಯಾಂಕಿನ ಸಂದೇಶವನ್ನು ಅಳಿಸಿ, ಫೋನನ್ನು ಮೊದಲಿದ್ದಲ್ಲಿಯೇ ಇಡುವಷ್ಟರಲ್ಲಿ ಪಣವೂ ಸೋಲೂ ಮುಗಿದಿರುತ್ತವೆ.

1963ರ ಪೊಲೀಸ್ ಅಧಿನಿಯಮಕ್ಕೆ ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯು ಇಂಥ ಆಟಗಳನ್ನು ನಿಷೇಧಿಸಿತಾದರೂ, ಕೌಶಲದ ಆಟವನ್ನೂ ಜೂಜಿನೊಡನೆ ಬೆರೆಸಿದ ಅದರ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಅಧಿನಿಯಮವು ಕೌಶಲ–ಜೂಜುಗಳ ಭೇದವನ್ನೇ ತೊರೆದು, ನಡೆಸುವವರಿಗೆ 3 ವರ್ಷಗಳವರೆಗೆ ಸೆರೆಯನ್ನೂ 1 ಕೋಟಿ ರೂಪಾಯಿಗಳವರೆಗೆ ದಂಡವನ್ನೂ ಗೊತ್ತುಮಾಡಿ, ಆಡಿದವರನ್ನು ಶಿಕ್ಷೆಯಿಂದ ಹೊರಗಿಟ್ಟಿತು. ಮಗನ ಗುಟ್ಟನ್ನರಿತ ತಂದೆ ಠಾಣೆಗೆ ಅಂಜದೆ ನೆರವು ಕೇಳಬಹುದಾದ್ದರಿಂದ ಈ ವಿನಾಯಿತಿಯೇ ಅದರ ವಿವೇಕದ ಭಾಗವೆನ್ನಬೇಕು. ತಂತ್ರಜ್ಞಾನದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಶಟ್ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ನೀಡುತ್ತಿದೆ. ಮಕ್ಕಳ ಸಹಾಯವಾಣಿ 1098.